ಹಿಡಿದು ಬಿಡುವವರ ಊರಿನಲ್ಲಿ

ಅಮೆರಿಕೆಯಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿ ಬರುವ ನಮ್ಮಂಥ ನಿವೃತ್ತರಿಗೆ ಒಂದು ಸಿದ್ಧ ಪಠ್ಯಕ್ರಮವಿದೆ. ನಯಾಗರಾ ಜಲಪಾತ, ಸ್ವಾತಂತ್ರ್ಯದೇವಿಯ ಪ್ರತಿಮೆ, ವಾಷಿಂಗ್ಟನ್ನಿನ ಶ್ವೇತಭವನ, ಪಿಟ್ಸ್‌ಬರ್ಗಿನ ವೆಂಕಟರಮಣ. ಹಿಂದಿರುಗಿದ ಮೇಲೆ ಇಷ್ಟರ ಛಾಯಾಚಿತ್ರಗಳನ್ನು ನೆಂಟರಿಗೆ ತೋರಿಸಿದರೆ ಪರೀಕ್ಷೆಯಲ್ಲಿ ತೇರ್ಗಡೆಯಾದಂತೆ. ನಾನೂ ನನ್ನ ಶ್ರೀಮತಿಯೂ ಮೊದಲ ಸಲದ ಭೇಟಿಯಲ್ಲಿಯೇ ಇದನ್ನೆಲ್ಲ ಮುಗಿಸಿದ್ದೆವು. ಆದ್ದರಿಂದ 2023ರ ಬೇಸಗೆಯಲ್ಲಿ ನ್ಯೂಜೆರ್ಸಿಯ ಮಗಳ ಮನೆಯಲ್ಲಿದ್ದಾಗ ಪಠ್ಯೇತರ ಚಟುವಟಿಕೆಗೆ ಸ್ವಲ್ಪ ಅವಕಾಶವಿತ್ತು.

ನಮ್ಮ ಅಳಿಯಂದಿರಿಗೆ ಆಫೀಸಿನ ಗೆಳೆಯರಿಂದ ಒಂದು ಹೊಸ ಹುಚ್ಚು ಅಂಟಿಕೊಂಡಿತ್ತು. ಅದರ ಹೆಸರು ಫ್ಲೈ ಫಿಶಿಂಗ್. ಮೇ ಮೊದಲ ವಾರದಲ್ಲಿ ಒಂದು ದಿನ ಅವರು, "ಮಾವ, ನಾಳೆ ರಾಸ್ಕೋಗೆ ಹೋಗೋಣ. ಇಡೀ ಊರೇ ಈ ವಿದ್ಯೆಗೆ ಮುಡಿಪಾಗಿದೆ. ನಿಮಗೆ ಖಂಡಿತ ಹಿಡಿಸುತ್ತದೆ" ಎಂದರು. ಮೀನು ತಿನ್ನದ ಮನೆತನದವನಿಗೆ ಮೀನು ಹಿಡಿಯುವವರ ಊರು ಹೇಗೆ ಹಿಡಿಸೀತೆಂದು ನಾನು ಕೇಳಲಿಲ್ಲ. ಶ್ರೀಮತಿ ಮಾತ್ರ ಹೊರಡುವ ಮುನ್ನವೇ ಅಳಿಯನಿಂದ ವಿವರ ಪಡೆದು, ಆ ಊರಿನ ಹೊಳೆಯ ಹಲವೆಡೆ ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡಬೇಕೆಂಬ ನಿಯಮವಿದೆಯೆಂದು ತಿಳಿದು, ನನ್ನತ್ತ ತಿರುಗಿ ಕೇಳಿದಳು: "ಹಿಡಿದು ಬಿಡೋದಾದ್ರೆ ಹಿಡಿಯೋದಾದ್ರೂ ಯಾಕ್ರೀ?" ಈ ಪ್ರಶ್ನೆ ದಾರಿಯುದ್ದಕ್ಕೂ ನಮ್ಮೊಡನೆ ಪ್ರಯಾಣ ಮಾಡಿತು.

ರಾಸ್ಕೋ ಎಂಬುದು ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳ ಮಡಿಲಿನ ಒಂದು ಚಿಕ್ಕ ಊರು. ಮಗಳ ಮನೆಯಿಂದ ಎರಡೂವರೆ ಗಂಟೆಯ ಹಾದಿ. ಊರಿನವರು ತಮ್ಮ ಊರನ್ನು 'ಟ್ರೌಟ್ ಟೌನ್' ಎಂದು ಹೆಮ್ಮೆಯಿಂದ ಕರೆದುಕೊಳ್ಳುತ್ತಾರೆ. ಟ್ರೌಟ್ ಎಂಬುದು ತಣ್ಣನೆಯ, ತಿಳಿಯಾದ ನೀರನ್ನು ಬಿಟ್ಟು ಬೇರೆಡೆ ಬಾಳಲಾರದ ಮೀನು. ಬೀವರ್‌ಕಿಲ್ ಮತ್ತು ವಿಲೋವೆಮಾಕ್ ಎಂಬ ಎರಡು ಹೊಳೆಗಳು ಇಲ್ಲಿ ಸಂಗಮವಾಗುತ್ತವೆ. ಸಂಗಮದ ಮಡುವಿಗೆ ಜಂಕ್ಷನ್ ಪೂಲ್ ಎಂದು ಹೆಸರು. ನಮ್ಮಲ್ಲಿಯಾದರೆ ಎರಡು ನದಿಗಳು ಕೂಡಿದಲ್ಲಿ ಒಂದು ಗುಡಿ, ಒಂದು ಸ್ಥಳಪುರಾಣ ಇದ್ದೇ ಇರುತ್ತವೆ. ಇಲ್ಲಿ ಗುಡಿಯಿಲ್ಲ, ಆದರೆ ಪುರಾಣವುಂಟು. ಒಂದು ಟ್ರೌಟ್ ಮೀನು ಈಜುತ್ತ ಬಂದು ಈ ಸಂಗಮದಲ್ಲಿ ನಿಂತು, ಎಡದ ಹೊಳೆಗೆ ಹೋಗಲೋ ಬಲದ ಹೊಳೆಗೆ ಹೋಗಲೋ ಎಂದು ತೀರ್ಮಾನಿಸಲಾರದೆ ಕೊನೆಗೆ ಅದಕ್ಕೆ ಎರಡು ತಲೆಗಳೇ ಮೂಡಿದವಂತೆ! ಎರಡು ಹೊಳೆಗಳ ಹೆಸರನ್ನು ಕೂಡಿಸಿ ಅದನ್ನು ಬೀಮಾಕ್ ಎನ್ನುತ್ತಾರೆ. ಗಂಡಭೇರುಂಡದ ನಾಡಿನಿಂದ ಹೋದವನಿಗೆ ಈ ಎರಡು ತಲೆಯ ಮೀನು ದೂರದ ನೆಂಟನಂತೆ ಕಂಡಿತು. ಪ್ರತಿ ವರ್ಷ ಏಪ್ರಿಲ್ 1ರಂದು, ಕೊರೆಯುವ ಚಳಿಯಲ್ಲಿ, ಈ ಮಡುವಿನ ಬಳಿ ಜನ ಸೇರಿ ಮೊದಲ ಗಾಳ ಬೀಸುವುದು ಇಲ್ಲಿಯ ಸಂಪ್ರದಾಯ.

ಓದುಗರಲ್ಲಿ ಹಲವರಿಗೆ ಈ ವಿದ್ಯೆಯ ಪರಿಚಯವಿರಲಾರದು. ನಾವು ಕಂಡ ಗಾಳದಲ್ಲಿ ಕೊಕ್ಕೆಗೆ ಎರೆಹುಳುವನ್ನೋ ಹಿಟ್ಟಿನ ಉಂಡೆಯನ್ನೋ ಸಿಕ್ಕಿಸುತ್ತಾರೆ. ಆ ಭಾರವೋ ಅದರೊಡನೆ ಕಟ್ಟಿದ ಸೀಸದ ಗುಂಡೋ ದಾರವನ್ನು ಎಳೆದುಕೊಂಡು ಹೋಗಿ ನೀರಿಗೆ ಬೀಳುತ್ತದೆ. ಇಲ್ಲಿ ಹಾಗಲ್ಲ. ಕೊಕ್ಕೆಯ ಮೇಲೆ ರೇಷ್ಮೆ ದಾರದಿಂದ ಹಕ್ಕಿಯ ಗರಿ, ಪ್ರಾಣಿಯ ರೋಮಗಳನ್ನು ಸುತ್ತಿ ಒಂದು ನೀರ್ನೊಣದ ಪ್ರತಿಕೃತಿಯನ್ನು ಕಟ್ಟುತ್ತಾರೆ. ಅದನ್ನೇ ಫ್ಲೈ ಎನ್ನುವುದು. ಕಡಲೆಕಾಳಿನ ಗಾತ್ರದ ಅದಕ್ಕೆ ತೂಕವೇ ಇಲ್ಲ; ಎಸೆದರೆ ಗಾಳಿಗೆ ಹಿಂದಕ್ಕೇ ಬಂದೀತು. ಆದ್ದರಿಂದ ಇಲ್ಲಿ ದಾರಕ್ಕೇ ತೂಕ ಕೊಟ್ಟಿರುತ್ತಾರೆ. ಸುಮಾರು ಒಂಬತ್ತು ಅಡಿಯ ಬಳುಕುವ ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ ದಾರವು ಗಾಳಿಯಲ್ಲಿ ಸುರುಳಿ ಬಿಚ್ಚುತ್ತ ಸಾಗಿ, ಅದರ ತುದಿಯಲ್ಲಿರುವ ಹುಸಿನೊಣವನ್ನು ನೀರಿನ ಮೇಲೆ ಸದ್ದಿಲ್ಲದೆ ಇಳಿಸುತ್ತದೆ. ಹೊಳೆಯಲ್ಲಿ ನಿಂತವರ ತಲೆಯ ಮೇಲೆ ಈ ದಾರಗಳು ಬರೆಯುವ ವಕ್ರರೇಖೆಗಳನ್ನು ನೋಡುತ್ತಿದ್ದರೆ, ಮೋಡಿ ಅಕ್ಷರ ಬರೆಯುತ್ತಿದ್ದ ಹಳೆಯ ಶಾನುಭೋಗರ ಕೈ ನೆನಪಾಗುತ್ತದೆ.

ರಾಸ್ಕೋಗೆ ಸಮೀಪದ ಲಿವಿಂಗ್‌ಸ್ಟನ್ ಮ್ಯಾನರ್ ಎಂಬಲ್ಲಿ, ವಿಲೋವೆಮಾಕ್ ಹೊಳೆಯ ದಂಡೆಯ ಮೇಲೆಯೇ, ಈ ವಿದ್ಯೆಗೆಂದು ಒಂದು ವಸ್ತುಸಂಗ್ರಹಾಲಯವಿದೆ. ಕ್ಯಾಟ್‌ಸ್ಕಿಲ್ ಫ್ಲೈ ಫಿಶಿಂಗ್ ಸೆಂಟರ್ ಎಂದು ಅದರ ಹೆಸರು. ಒಳಗೆ ರಾಜಮಹಾರಾಜರ ಖಡ್ಗಗಳಿಲ್ಲ. ಗಾಜಿನ ಪೆಟ್ಟಿಗೆಗಳಲ್ಲಿ ಹಳೆಯ ಬಿದಿರಿನ ಗಾಳದ ಕೋಲುಗಳು, ದಾರ ಸುತ್ತುವ ರಾಟೆಗಳು, ಸಾಲುಸಾಲಾಗಿ ಹುಸಿನೊಣಗಳು, ಅವನ್ನು ಕಟ್ಟಿದವರ ಸವೆದ ಮೇಜು, ಕತ್ತರಿ, ಇಕ್ಕಳಗಳು. ಒಂದೊಂದರ ಕೆಳಗೂ ಕಟ್ಟಿದವರ ಹೆಸರು. ಶ್ರಮಜೀವಿಯ ಇಕ್ಕಳಕ್ಕೆ ಹೆಸರಿನ ಫಲಕ ಹಾಕಿದ್ದನ್ನು ನೋಡಿ ನಾನು ಬಹಳ ಹೊತ್ತು ಅಲ್ಲಿ ನಿಂತೆ.

ಈ ಸಂಪ್ರದಾಯದ ಮೂಲಪುರುಷ ಥಿಯೊಡೋರ್ ಗಾರ್ಡನ್ (1854–1915). ಕ್ಷಯದಿಂದ ಬಳಲುತ್ತ, ಪೇಟೆಯನ್ನು ಬಿಟ್ಟು, ಸಮೀಪದ ನೆವರ್‌ಸಿಂಕ್ ಹೊಳೆಯ ದಂಡೆಯಲ್ಲಿ ಒಂಟಿಯಾಗಿ ಬಾಳಿದ ವ್ಯಕ್ತಿ. ನೀರಿನ ಮೇಲೆ ತೇಲುವ ಹುಸಿನೊಣದ ಪ್ರಯೋಗ ಆಗ ಇಂಗ್ಲೆಂಡಿನಲ್ಲಿ ಪ್ರಸಿದ್ಧವಾಗಿತ್ತು. ಗಾರ್ಡನ್ ಅಲ್ಲಿಯ ಆಚಾರ್ಯ ಫ್ರೆಡರಿಕ್ ಹಾಲ್ಫರ್ಡರಿಗೆ ಪತ್ರ ಬರೆದರು. 1890ರಲ್ಲಿ ಹಾಲ್ಫರ್ಡರು ಒಂದಷ್ಟು ಮಾದರಿಗಳನ್ನು ಕಳುಹಿಸಿಕೊಟ್ಟರು. ಆದರೆ ಇಂಗ್ಲೆಂಡಿನ ಹೊಳೆಗಳು ನಿಧಾನ, ಕ್ಯಾಟ್‌ಸ್ಕಿಲ್ ಹೊಳೆಗಳು ರಭಸ. ಅಲ್ಲಿಯ ಕೀಟಗಳು ಬೇರೆ, ಇಲ್ಲಿಯವು ಬೇರೆ. ಗಾರ್ಡನ್ ಆ ಮಾದರಿಗಳನ್ನು ಹಾಗೆಯೇ ನಕಲು ಮಾಡದೆ, ತಮ್ಮ ಹೊಳೆಯ ಕಲ್ಲುಗಳನ್ನು ಎತ್ತಿ ನೋಡಿ, ಅಲ್ಲಿ ಹುಟ್ಟುವ ನೊಣಗಳಿಗೆ ತಕ್ಕಂತೆ ಹೊಸದಾಗಿ ಕಟ್ಟಿದರು. ಬಿ.ಎಂ.ಶ್ರೀಯವರು ಇಂಗ್ಲಿಷ್ ಕವಿತೆಗಳನ್ನು ಕನ್ನಡದ ಜಾಯಮಾನಕ್ಕೆ ಒಗ್ಗಿಸಿದ ಪಾಠವನ್ನು ವರ್ಷವರ್ಷವೂ ಹೇಳಿದ ನನಗೆ ಈ ಕಥೆ ಹೊಸತೆನಿಸಲಿಲ್ಲ.

ಇದಕ್ಕಿಂತ ನನ್ನ ಮನಸ್ಸನ್ನು ತಟ್ಟಿದ್ದು ಡೆಟ್ ದಂಪತಿಗಳ ಕಥೆ. 1920ರ ದಶಕದ ಕೊನೆಯಲ್ಲಿ ವಾಲ್ಟ್ ಡೆಟ್ ಎಂಬ ತರುಣ, ಆಗ ಹೆಸರಾಗಿದ್ದ ರೂಬ್ ಕ್ರಾಸ್ ಎಂಬ ಕುಶಲಿಯ ಬಳಿ ಹೋಗಿ, ಹಣ ಕೊಡುತ್ತೇನೆ, ನೊಣ ಕಟ್ಟುವುದನ್ನು ಕಲಿಸಿರೆಂದು ಕೇಳಿದ. ಕ್ರಾಸ್ ಒಪ್ಪಲಿಲ್ಲ. ವಾಲ್ಟ್ ಜಗಳವಾಡಲಿಲ್ಲ. ಅವರದೇ ಕೈಯ ನೊಣಗಳನ್ನು ಕೊಂಡು ತಂದು, ಹೆಂಡತಿ ವಿನಿಯೊಡನೆ ಕುಳಿತು, ದಾರದ ಒಂದೊಂದೇ ಸುತ್ತನ್ನು ಹಿಂದುಮುಂದಾಗಿ ಬಿಚ್ಚಿದ. ಎಷ್ಟನೆಯ ಸುತ್ತಿನಲ್ಲಿ ಗರಿ, ಎಷ್ಟನೆಯದರಲ್ಲಿ ರೋಮ ಎಂಬುದನ್ನು ಬರೆದಿಟ್ಟುಕೊಂಡರು. ಬಿಚ್ಚಿದ್ದನ್ನು ಮತ್ತೆ ಕಟ್ಟಿ ಕಲಿತರು. 1928ರಲ್ಲಿ ಆರಂಭವಾದ ಅವರ ಅಂಗಡಿಯನ್ನು ನಾವು ಹೋದಾಗಲೂ ಅದೇ ಮನೆತನದವರು ನಡೆಸುತ್ತಿದ್ದರು. ನಮ್ಮ ಏಕಲವ್ಯನಿಗೆ ಗುರುವಿನ ಮಣ್ಣಿನ ಪ್ರತಿಮೆಯಾದರೂ ಇತ್ತು; ಇವರಿಗೆ ಗುರುವಿನ ಕೃತಿಯೇ ಗುರು. ಇವರ ಹೆಬ್ಬೆರಳನ್ನು ಯಾರೂ ಕೇಳಲಿಲ್ಲವೆಂಬುದು ಒಂದು ಸಮಾಧಾನ. ಕಲಿಸಿದವರೂ ಇದ್ದರು. ಗಾರ್ಡನ್‌ರಿಂದ ವಿದ್ಯೆ ಪಡೆದ ರಾಯ್ ಸ್ಟೀನ್‌ರಾಡ್ ಲಿಬರ್ಟಿ ಎಂಬ ಊರಿನ ಅಂಚೆ ಕಚೇರಿಯ ನೌಕರ. ಮುಂದೆ ವನ್ಯಜೀವಿ ರಕ್ಷಣಾಧಿಕಾರಿಯಾಗಿ, ಶಿಬಿರಗಳಲ್ಲಿ ಹುಡುಗರಿಗೆ ನೊಣ ಕಟ್ಟುವುದನ್ನು ಕಲಿಸುತ್ತ ಹೋದರು. ಒಬ್ಬ ಒಂಟಿ ರೋಗಿಯ ವಿದ್ಯೆ ಒಂದು ಸೀಮೆಯ ವಿದ್ಯೆಯಾದದ್ದು ಹೀಗೆ.

ಸಂಗ್ರಹಾಲಯದ ಮೂಲೆಯ ಮೇಜಿನಲ್ಲಿ ಒಬ್ಬ ವೃದ್ಧರು ನೊಣ ಕಟ್ಟಿ ತೋರಿಸುತ್ತಿದ್ದರು. ನಾನು ಭಾರತದವನೆಂದು ತಿಳಿದೊಡನೆ ಅವರ ಮುಖವರಳಿತು. ಗಾರ್ಡನ್ ಅವರ ಹೆಸರಿನ 'ಕ್ವಿಲ್ ಗಾರ್ಡನ್' ನೊಣದ ಮೈಯನ್ನು ನವಿಲುಗರಿಯ ಎಳೆಯಿಂದ ಸುತ್ತುತ್ತಾರೆ. ಎಳೆಯ ಮೇಲಿನ ನಯವನ್ನು ಉಗುರಿನಿಂದ ಕೆರೆದು ತೆಗೆದರೆ ಒಂದು ಅಂಚು ತಿಳಿ, ಇನ್ನೊಂದು ಅಂಚು ಗಾಢವಾಗಿರುವ ನಾರು ಉಳಿಯುತ್ತದೆ. ಅದನ್ನು ಸುತ್ತಿದಾಗ ಕೀಟದ ಹೊಟ್ಟೆಯ ಪಟ್ಟೆಗಳೇ ಮೂಡುತ್ತವೆ. ಮುದುಕರು ಅದನ್ನು ಸುತ್ತಿ ತೋರಿಸಿ, "ಇದು ನಿಮ್ಮ ಹಕ್ಕಿ" ಎಂದರು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಯ ಗಾಳದ ಕೋಲುಗಳನ್ನು ಭಾರತದ ಬಿದಿರಿನಿಂದ ಮಾಡುತ್ತಿದ್ದರೆಂದೂ, ಅದನ್ನು 'ಕಲ್ಕತ್ತಾ ಕೇನ್' ಎನ್ನುತ್ತಿದ್ದರೆಂದೂ, ಆಮೇಲೆ ಚೀನಾದ ಬಿದಿರು ಆ ಸ್ಥಾನ ಪಡೆಯಿತೆಂದೂ ಹೇಳಿದರು. ಬಳಿಕ ಸಾಮನ್ ಮೀನಿಗೆಂದು ಕಟ್ಟಿದ ಬಣ್ಣಬಣ್ಣದ ಹಳೆಯ ನೊಣವೊಂದನ್ನು ತೋರಿಸಿದರು. ಅದರ ಎರಡೂ ಬದಿಯಲ್ಲಿ ಮೇಣದ ಹನಿಯಂತೆ ಹೊಳೆಯುವ ಚುಕ್ಕೆಯ ಒಂದೊಂದು ಗರಿ. ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯ ಕತ್ತಿನ ಗರಿ ಅದು! ಘಟ್ಟದ ಊರುಗಳಲ್ಲಿ ನಸುಕಿನಲ್ಲಿ ಅದರ ಕೂಗು ಕೇಳಿ ಎದ್ದವನು ನಾನು. ಆ ಗರಿಗಾಗಿ ಎಷ್ಟು ಹಕ್ಕಿಗಳು ಪ್ರಾಣ ತೆತ್ತವೋ! 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈಗ ಅದಕ್ಕೆ ರಕ್ಷಣೆಯಾಗಿದೆ.

ಇನ್ನು ನಾನೂ ಒಂದು ಮಾತು ಹೇಳದಿದ್ದರೆ ಕನ್ನಡ ಮೇಷ್ಟರ ಮರ್ಯಾದೆ ಉಳಿಯುವುದಿಲ್ಲವಷ್ಟೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ವಿಶ್ವಕೋಶ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ'ವೆಂಬ ಭಾಗವೇ ಇದೆಯೆಂದೂ, ಗಾಳದ ಕೋಲು, ದಾರ, ಮೀನಿನ ಜಾತಿಗಳು, ಅವಕ್ಕೆ ಒಡ್ಡುವ ಆಹಾರ ಎಲ್ಲವನ್ನೂ ಅದರಲ್ಲಿ ವಿವರಿಸಿದ್ದಾನೆಂದೂ ಅಳಿಯಂದಿರ ಮೂಲಕ ಹೇಳಿಸಿದೆ. ಮುದುಕರು ಕೈಯ ಇಕ್ಕಳ ಕೆಳಗಿಟ್ಟು, ಆ ರಾಜನ ಹೆಸರನ್ನು ಎರಡು ಸಲ ಕೇಳಿ ಬರೆದುಕೊಂಡರು.

ಮಧ್ಯಾಹ್ನ ಹೊಳೆಗೆ ಹೋದೆವು. ಎದೆಯವರೆಗಿನ ರಬ್ಬರು ಉಡುಪು ತೊಟ್ಟ ಏಳೆಂಟು ಮಂದಿ ನೀರಿನಲ್ಲಿ ದೂರದೂರವಾಗಿ ನಿಂತಿದ್ದರು. ಯಾರೂ ಗಾಳ ಬೀಸುತ್ತಿರಲಿಲ್ಲ. ಸುಮ್ಮನೆ ನೀರನ್ನೇ ನೋಡುತ್ತಿದ್ದರು. ಅಳಿಯಂದಿರ ಗುರುವಾದ ನಡುವಯಸ್ಸಿನ ಮಾರ್ಗದರ್ಶಿಯೊಬ್ಬರು ನೀರಿನಿಂದ ಒಂದು ಕಲ್ಲನ್ನೆತ್ತಿ ಅದರ ಅಡಿಯನ್ನು ನನಗೆ ತೋರಿಸಿದರು. ಕಲ್ಲಿಗಂಟಿಕೊಂಡು ಎಳ್ಳಿಗಿಂತ ತುಸು ದೊಡ್ಡ ಹುಳುಗಳು ಹರಿದಾಡುತ್ತಿದ್ದವು. ಮೇ-ಫ್ಲೈ ಎಂಬ ಕೀಟದ ಮರಿಗಳು. ಇವುಗಳಲ್ಲಿ ಹೆಚ್ಚಿನವು ಸುಮಾರು ಒಂದು ವರ್ಷ ನೀರಿನಡಿಯಲ್ಲಿ ಬದುಕಿ, ಗೊತ್ತಾದ ಋತುವಿನಲ್ಲಿ ಒಟ್ಟಾಗಿ ಮೇಲೆದ್ದು, ಪೊರೆ ಬಿಚ್ಚಿ, ರೆಕ್ಕೆ ಪಡೆದು ಹಾರುತ್ತವೆ. ಆಮೇಲೆ ಅವುಗಳ ಆಯುಸ್ಸು ಒಂದೆರಡು ದಿನ. ರೆಕ್ಕೆ ಬಂದ ಮೇಲೆ ಅವಕ್ಕೆ ತಿನ್ನುವ ಬಾಯಿಯೇ ಇರುವುದಿಲ್ಲ. ಕೂಡಿ, ಮೊಟ್ಟೆಯಿಟ್ಟು, ಅದೇ ನೀರಿನ ಮೇಲೆ ಬಿದ್ದು ಸಾಯುತ್ತವೆ. ಮೊದಲ ಮಳೆ ಬಿದ್ದ ಸಂಜೆ ನಮ್ಮ ಹಳ್ಳಿಯ ದೀಪಕ್ಕೆ ಮುತ್ತುವ ರೆಕ್ಕೆಗೆದ್ದಲುಗಳನ್ನು ನೆನೆದುಕೊಳ್ಳಿ. ಹಾಗೆಯೇ ಇವು. ಕ್ವಿಲ್ ಗಾರ್ಡನ್ ನಕಲು ಮಾಡುವ ಕೀಟ ಏಪ್ರಿಲ್‌ನಲ್ಲಿ, ಸ್ಟೀನ್‌ರಾಡ್ ಅವರ 'ಹೆಂಡ್ರಿಕ್ಸನ್' ನಕಲು ಮಾಡುವುದು ಏಪ್ರಿಲ್ ಕೊನೆ, ಮೇ ಮೊದಲಲ್ಲಿ, ಇನ್ನೊಂದು ಜೂನ್‌ನಲ್ಲಿ. ಹೀಗೆ ಹೊಳೆಗೊಂದು ಪಂಚಾಂಗವೇ ಇದೆ. ಯಾವ ದಿನ, ಯಾವ ಹೊತ್ತಿಗೆ, ನೀರು ಎಷ್ಟು ಬೆಚ್ಚಗಿದ್ದಾಗ ಯಾವ ಕೀಟ ಎದ್ದಿತೆಂದು ಇವರು ದಿನಚರಿಯಲ್ಲಿ ಬರೆದಿಡುತ್ತಾರೆ.

ಮೂರು ಗಂಟೆಯ ಸುಮಾರಿಗೆ ನೀರಿನ ಮೇಲೆ ಚಿಕ್ಕ ಹಾಯಿಗಳಂತೆ ಬೂದು ರೆಕ್ಕೆಗಳು ತೇಲತೊಡಗಿದವು. ಮರುಕ್ಷಣವೇ ಅಲ್ಲೊಂದು ಇಲ್ಲೊಂದು ಉಂಗುರ, ಮೀನುಗಳು ಮೇಲೆದ್ದಿದ್ದವು. ಮಾರ್ಗದರ್ಶಿ ಕೋಲು ಬೀಸಿದರು. ಐದನೆಯ ಬೀಸಿಗೆ ಒಂದು ಟ್ರೌಟ್ ಸಿಕ್ಕಿತು. ಮೊಣಕಾಲೂರಿ, ಬಲೆಯನ್ನು ನೀರಿನಲ್ಲಿಯೇ ಇಟ್ಟು, ಒದ್ದೆ ಕೈಯಲ್ಲಿ ಕೊಕ್ಕೆ ಬಿಡಿಸಿದರು. ಕೊಕ್ಕೆಗೆ ಹಿಮ್ಮುಖದ ಮುಳ್ಳಿಲ್ಲವಾದ್ದರಿಂದ ಅದು ಸಲೀಸಾಗಿ ಬಂದಿತು. ಮೀನನ್ನು ಹರಿವಿಗೆ ಎದುರಾಗಿ ಕ್ಷಣಕಾಲ ಹಿಡಿದಿದ್ದು ಬಿಟ್ಟರು. ಕಂದು ಮೈಯ ಮೇಲಿನ ಕೆಂಪು ಚುಕ್ಕೆಗಳು ಒಮ್ಮೆ ಮಿನುಗಿ ಮಾಯವಾದವು.

ಆಗ ನನ್ನ ಶ್ರೀಮತಿ ತನ್ನ ಪ್ರಶ್ನೆಯನ್ನು ಮಗಳ ಮೂಲಕ ಅವರ ಮುಂದಿಟ್ಟಳು. ಶೃಂಗೇರಿಯ ತುಂಗೆಯಲ್ಲಿ ಮೀನುಗಳಿಗೆ ಪುರಿ ಹಾಕಿ ಕೈಮುಗಿಯುವವಳು ಅವಳು. ಮಾರ್ಗದರ್ಶಿ ನುಣುಚಿಕೊಳ್ಳಲಿಲ್ಲ. ಬಿಟ್ಟ ಮೀನುಗಳೆಲ್ಲವೂ ಬದುಕುವುದಿಲ್ಲವೆಂದು ಒಪ್ಪಿಕೊಂಡರು. ನೀರಿನ ಉಷ್ಣತೆ 20 ಡಿಗ್ರಿ ದಾಟಿದರೆ ಅದರಲ್ಲಿ ಪ್ರಾಣವಾಯು ಕಡಿಮೆಯಾಗಿ ದಣಿದ ಮೀನು ಚೇತರಿಸಿಕೊಳ್ಳಲಾರದು. ಆದ್ದರಿಂದ ತಾವು ಜೇಬಿನಲ್ಲಿ ಉಷ್ಣಮಾಪಕ ಇಟ್ಟುಕೊಂಡಿರುವುದಾಗಿಯೂ, ಅಂಥ ದಿನ ಗಾಳವನ್ನು ಬಿಚ್ಚುವುದೇ ಇಲ್ಲವೆಂದೂ ತೋರಿಸಿ ಹೇಳಿದರು. ಕೊನೆಗೆ, "ನಾವು ಇಲ್ಲಿ ನಿಲ್ಲದಿದ್ದರೆ ಈ ಹೊಳೆಯನ್ನು ಯಾರು ನೋಡುತ್ತಿದ್ದರು?" ಎಂದರು. ಶ್ರೀಮತಿ ತಲೆಯಾಡಿಸಿದಳು. ಆದರೆ ಕಾರಿಗೆ ಬಂದ ಮೇಲೆ, "ನೋಡೋದಕ್ಕೆ ಕೊಕ್ಕೆ ಬೇಕಾ?" ಎಂದಳು. ಅವಳ ಈ ಎರಡನೆಯ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ಮೀನಿನ ನೋವು ಮೀನಿಗೇ ಗೊತ್ತು.

ಆದರೂ ಆ ಮಾರ್ಗದರ್ಶಿಯ ಮಾತಿನಲ್ಲಿ ಹುರುಳಿದೆಯೆಂಬುದಕ್ಕೆ ಆ ಸೀಮೆಯ ಇತಿಹಾಸವೇ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಬೆಟ್ಟಗಳ ಹೆಮ್‌ಲಾಕ್ ಮರಗಳನ್ನು ತೊಗಲು ಹದಮಾಡುವ ಕಾರ್ಖಾನೆಗಳು ತೊಗಟೆಗಾಗಿ ಬೋಳಿಸಿದವು. ನೆರಳು ಹೋಗಿ ನೀರು ಬಿಸಿಯಾಯಿತು, ಹೊಲಸೂ ಸೇರಿತು. ಇಲ್ಲಿಯದೇ ಆದ ಬ್ರೂಕ್ ಟ್ರೌಟ್ ಮೀನು ಕ್ಷೀಣಿಸಿತು. 1883ರಲ್ಲಿ ಜರ್ಮನಿಯಿಂದ ಮೊಟ್ಟೆ ತರಿಸಿದ ಬ್ರೌನ್ ಟ್ರೌಟ್ ಆ ಜಾಗಕ್ಕೆ ಬಂದಿತು. ಗಾರ್ಡನ್ ಗಾಳ ಬೀಸಿದ ನೆವರ್‌ಸಿಂಕ್ ಹೊಳೆಯ ಭಾಗ 1950ರ ದಶಕದಲ್ಲಿ ನ್ಯೂಯಾರ್ಕ್ ನಗರದ ಕುಡಿಯುವ ನೀರಿನ ಜಲಾಶಯದಲ್ಲಿ, ಎರಡು ಹಳ್ಳಿಗಳ ಸಮೇತ, ಮುಳುಗಿತು. ಉಳಿದ ಹೊಳೆಗಳ ಪರವಾಗಿ ದನಿಯೆತ್ತಿದವರು ಈ ಗಾಳದವರೇ. 1965ರಲ್ಲಿ ಬೀವರ್‌ಕಿಲ್‌ನ ಒಂದು ಭಾಗದಲ್ಲಿ 'ಕೊಲ್ಲಬಾರದು' ಎಂಬ ನಿಯಮ ಬಂದಿತು. ಇದೇ ಸೀಮೆಯಲ್ಲಿ ನೆಲೆಸಿ, ಪತ್ನಿ ಜೋನ್ ಅವರೊಡನೆ ಗಾಳದ ಶಾಲೆಯನ್ನು ತೆರೆದ ಲೀ ವುಲ್ಫ್ 1930ರ ದಶಕದಲ್ಲಿಯೇ, ಒಂದು ಸಲ ಹಿಡಿದು ಮುಗಿಸಲಾಗದಷ್ಟು ಬೆಲೆಯುಳ್ಳದ್ದು ಮೀನು ಎಂಬರ್ಥದ ಮಾತನ್ನು ಬರೆದಿದ್ದರು.

ಇದನ್ನೆಲ್ಲ ಹೊಗಳುವಾಗ ಒಂದು ಸಂಗತಿಯನ್ನು ಮರೆಯಬಾರದು. ಇದು ಹೊಟ್ಟೆ ತುಂಬಿದವರ ವಿನೋದ. ಅವರ ಕೋಲು, ರಾಟೆ, ಉಡುಪುಗಳ ಬೆಲೆಯಲ್ಲಿ ನಮ್ಮ ಒಬ್ಬ ಬೆಸ್ತನ ಸಂಸಾರ ಹಲವು ತಿಂಗಳು ನಡೆದೀತು. ಹಿಡಿದು ಬಿಡುವ ಸುಖ, ಹಿಡಿದದ್ದನ್ನು ಮಾರಿ ಅಕ್ಕಿ ತರಬೇಕಾದವನಿಗೆ ಇಲ್ಲ. ನನ್ನನ್ನು ಕಾಡಿದ್ದು ಆ ಬೆಸ್ತನ ವಿಚಾರವೇ.

1980ರ ದಶಕದಲ್ಲಿ ನಾನು ತುಂಗಭದ್ರೆಯ ದಂಡೆಯ ಊರೊಂದರ ಪ್ರೌಢಶಾಲೆಯಲ್ಲಿದ್ದೆ. ಒಂಬತ್ತನೆಯ ತರಗತಿಗೆ 'ನಮ್ಮ ನದಿ' ಎಂಬ ಪ್ರಬಂಧ ಕೊಟ್ಟಿದ್ದೆ. ಎಲ್ಲರೂ ಗೈಡುಗಳಿಂದ ಇಳಿಸಿದ್ದರು: ನದಿಯು ಜೀವನಾಡಿ, ನದಿಯು ಸಂಸ್ಕೃತಿಯ ತೊಟ್ಟಿಲು. ಮೀನುಗಾರರ ಮನೆಯ ಒಬ್ಬ ಹುಡುಗ ಮಾತ್ರ, ಕಾಗುಣಿತದ ತಪ್ಪುಗಳೊಡನೆ, ಯಾವ ಮಡುವಿನಲ್ಲಿ ಬಾಳೆಮೀನು, ಯಾವ ಕಲ್ಲಿನ ಸಂದಿಯಲ್ಲಿ ಹಾವುಮೀನು, ಯಾವ ಕೆಸರಿನಲ್ಲಿ ಮುರುಗೋಡು ಇರುತ್ತದೆ, ಹೊಸ ನೀರು ಬಂದ ಎಷ್ಟನೆಯ ದಿನಕ್ಕೆ ಯಾವ ಮೀನು ಹತ್ತುತ್ತದೆ ಎಂದು ಮೂರು ಪುಟ ಬರೆದಿದ್ದ. ಎಲ್ಲವೂ ಅವನ ತಂದೆ ಹೇಳಿಕೊಟ್ಟದ್ದು. ನಾನು ಅವನಿಗೇ ಅತಿ ಹೆಚ್ಚು ಅಂಕ ಕೊಟ್ಟು, ಪ್ರಬಂಧವನ್ನು ತರಗತಿಯಲ್ಲಿ ಓದಿಸಿದೆ. ಆದರೆ ಪಬ್ಲಿಕ್ ಪರೀಕ್ಷೆಯಲ್ಲಿ ಆ ವಿದ್ಯೆಗೆ ಒಂದು ಪ್ರಶ್ನೆಯೂ ಇರಲಿಲ್ಲ. ಹತ್ತನೆಯ ತರಗತಿಗೆ ಅವನ ಓದು ನಿಂತಿತು.

ರಾಸ್ಕೋದಿಂದ ಬಂದ ಮೇಲೆ, ಹಳೆಯ ವಿದ್ಯಾರ್ಥಿಗಳಿಂದ ಸಂಖ್ಯೆ ಪಡೆದು ಅವನಿಗೆ ಫೋನ್ ಮಾಡಿದೆ. ಈಗ ಬೆಂಗಳೂರಿನಲ್ಲಿ ಕಟ್ಟಡದ ಕೆಲಸದ ಮೇಸ್ತ್ರಿ. ಧ್ವನಿ ಗುರುತಿಸಿ, "ಸಾರ್, ಚೆನ್ನಾಗಿದ್ದೀರಾ?" ಎಂದ. ಆ ಪ್ರಬಂಧದ ಮಾತೆತ್ತಿದೆ. "ಅಪ್ಪ ಹೋಗಿ ಹನ್ನೆರಡು ವರ್ಷ ಆಯ್ತು ಸಾರ್. ಅವರಿಗೆ ಗೊತ್ತಿದ್ದದ್ದರಲ್ಲಿ ನನಗೆ ಕಾಲು ಭಾಗ ಗೊತ್ತು. ನನ್ನ ಮಗನಿಗೆ ಏನೂ ಗೊತ್ತಿಲ್ಲ" ಎಂದ. ಅವನ ದನಿಯಲ್ಲಿ ದೂರಿರಲಿಲ್ಲ. ಲಿಬರ್ಟಿಯ ಅಂಚೆ ನೌಕರನ ವಿದ್ಯೆಗೆ ಗಾಜಿನ ಪೆಟ್ಟಿಗೆ ದೊರೆಯಿತು. ತುಂಗಭದ್ರೆಯ ಬೆಸ್ತನ ವಿದ್ಯೆ ಅವನೊಡನೆಯೇ ಹೋಯಿತು. ವಿದ್ಯೆಯಲ್ಲಿ ಹೆಚ್ಚುಕಡಿಮೆಯಿರಲಿಲ್ಲ. ಒಂದನ್ನು ಬರೆದಿಟ್ಟರು, ಇನ್ನೊಂದನ್ನು ಬರೆಯಲಿಲ್ಲ.

ಬರೆದಿಟ್ಟರೆ ಏನಾಗುತ್ತದೆಂಬುದಕ್ಕೆ ನಮ್ಮ ಕಾವೇರಿಯಲ್ಲಿಯೇ ಉದಾಹರಣೆಯಿದೆ. ಭೀಮೇಶ್ವರಿ, ಗಾಲಿಬೋರೆಯ ಮಡುಗಳಲ್ಲಿ ರಾಗಿ ಹಿಟ್ಟಿನ ಉಂಡೆಯನ್ನು ಗಾಳಕ್ಕಿಟ್ಟು ಹಿಡಿದು ಬಿಡುತ್ತಿದ್ದ, ಬೆನ್ನು ಗೂನಾದ ಭಾರಿ ಮಹಶೀರ್ ಮೀನು ಜಗತ್ಪ್ರಸಿದ್ಧ. ಗಾಲಿಬೋರೆ ಶಿಬಿರದ ಗಾಳದವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕಗಳನ್ನು ವಿಜ್ಞಾನಿಗಳು ಪರಿಶೀಲಿಸಿ, ಈ ಮೀನು ಅಳಿವಿನತ್ತ ಸಾಗಿದೆಯೆಂದೂ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಅದರ ಜಾಗದಲ್ಲಿ ಹೆಚ್ಚಿದೆಯೆಂದೂ 2015ರಲ್ಲಿ ಪ್ರಕಟಿಸಿದರು. ಅಷ್ಟು ಹೆಸರಾದ ಮೀನನ್ನು ಟಾರ್ ರೆಮಾದೇವಿ ಎಂದು ವಿಜ್ಞಾನ ಗುರುತಿಸಿದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೂ ಸೇರಿತು. ಸಂಜೆ ಶಿಬಿರದಲ್ಲಿ ಕುಳಿತು ಯಾರೋ ಗೀಚಿದ ಸಾಲುಗಳಿಲ್ಲದಿದ್ದರೆ ಆ ಇಳಿಮುಖ ನಮ್ಮ ಅರಿವಿಗೆ ಬರುತ್ತಲೇ ಇರಲಿಲ್ಲವೇನೋ.

ನಾವು ನದಿಗೆ ಬಾಗಿನ ಕೊಡುತ್ತೇವೆ, ಆರತಿ ಎತ್ತುತ್ತೇವೆ, ತಾಯಿ ಎನ್ನುತ್ತೇವೆ. ಅದರಲ್ಲಿ ತಪ್ಪೇನಿಲ್ಲ. ಆದರೆ ತಾಯಿಯ ಮನೆಯಲ್ಲಿ ಯಾರು ಯಾರು ವಾಸವಾಗಿದ್ದಾರೆಂದು ಮಕ್ಕಳಿಗೆ ಗೊತ್ತಿರಬೇಡವೆ? ಕಲ್ಲೆತ್ತಿ ಅಡಿಯನ್ನು ನೋಡುವುದಕ್ಕೆ ಡಾಲರುಗಳು ಬೇಕಿಲ್ಲ, ಕೊಕ್ಕೆಯೂ ಬೇಕಿಲ್ಲ.

ಆ ಶಿಷ್ಯನೊಡನೆ ಆಮೇಲೆ ನಾಲ್ಕು ಭಾನುವಾರ ಮಾತನಾಡಿದೆ. ಅವನು ನೆನಪಿಸಿಕೊಂಡು ಹೇಳಿದ ಹದಿನೇಳು ಮೀನುಗಳ ಹೆಸರು, ಅವುಗಳ ಕಾಲ, ಜಾಗ ನನ್ನ ನೋಟ್ ಪುಸ್ತಕದಲ್ಲಿವೆ. ಊರಿನಲ್ಲಿ ಅವನ ಚಿಕ್ಕಪ್ಪ ಇನ್ನೂ ಇದ್ದಾರಂತೆ. ಎಂಬತ್ತು ದಾಟಿದೆ, ಕಣ್ಣು ಮಂಜಾಗಿದೆ, ನೆನಪು ಚುರುಕಾಗಿದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ ಹೋಗಿ ಬರಬೇಕು. ಹೊಳೆ ದಂಡೆಯ ಶಾಲೆಗಳಲ್ಲಿ ಈಗ ಪಾಠ ಹೇಳುತ್ತಿರುವ ಕಿರಿಯ ಮಿತ್ರರೇ, ನಿಮ್ಮ ತರಗತಿಯಲ್ಲಿಯೂ ಅಂಥ ಒಬ್ಬ ಹುಡುಗನೋ ಹುಡುಗಿಯೋ ಇದ್ದಾರು. ಅವರ ಮನೆಯ ಹಿರಿಯರ ಬಳಿ ಒಮ್ಮೆ ಕುಳಿತು ಕೇಳಿ, ಬರೆದಿಡಿ.